ಕ್ಯಾರವಾನಿನ ಬೆನ್ನಿಗೊಂದು ಕಣ್ಣು

ಮೊದಲ ದಿನ

ಬೆಳಿಗ್ಗೆ ಆರಕ್ಕೇ ಹೊರಡೋಣ ಅಂದುಕೊಂಡಿದ್ದೆವು. ಎಂಟಾದರೂ ಭಾವ ಕಾರಿನ ಸುತ್ತ ಸುತ್ತುತ್ತಲೇ ಇದ್ದರು. ತಪ್ಪು ಅವರದಲ್ಲ, ನನ್ನದು. ಹಿಂದಿನ ದಿನವಿಡೀ ಕೂತು ಅವರ ಕ್ಯಾರವಾನಿನ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯ, ಬೆನ್ನಿಗೆ ಒಂದು ಕ್ಯಾಮೆರಾ ಹಾಕಿದ್ದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಏಳು ಇಂಚಿನ ಸ್ಕ್ರೀನು ಕೂರಿಸಿದ್ದೆ. ಅದು ನೋಟಕ್ಕೆ ಅಡ್ಡ ಬರುತ್ತೆ ಅಂತ ಭಾವ, ಬರಲ್ಲ ಅಂತ ನಾನು. ಕೊನೆಗೆ ಅಕ್ಕ ಅದನ್ನು ನಾಲ್ಕು ಬೆರಳು ಕೆಳಗೆ, ಸ್ಟೀರಿಂಗಿನ ಹತ್ತಿರಕ್ಕೆ ಸರಿಸಿ, "ಈಗ ಹತ್ತಿ ಇಬ್ರೂ" ಅಂದಳು.

ಕ್ಯಾರವಾನ್ ಎಳೆಯುವ ಕಾರಿನ ಒಳಗನ್ನಡಿಯಲ್ಲಿ ಕಾಣೋದು ಕ್ಯಾರವಾನಿನ ಮುಂದಿನ ಗೋಡೆ ಮಾತ್ರ. ದಿನವಿಡೀ ಅದೇ ಗೋಡೆ. ಎರಡೂ ಬದಿಗೆ ಉದ್ದ ತೋಳಿನ ಕನ್ನಡಿ ಸಿಕ್ಕಿಸಿದರೆ ಪಕ್ಕಗಳು ಕಾಣುತ್ತವೆ. ಸರಿಯಾಗಿ ಬೆನ್ನಿಗೆ ಅಂಟಿಕೊಂಡು ಬರುವ ಗಾಡಿ ಆಗಲೂ ಕಾಣಲ್ಲ. ಕಾರು, ಕ್ಯಾರವಾನ್ ಎರಡೂ ಸೇರಿ ನಮ್ಮದು 12 ಮೀಟರ್ ಉದ್ದ. ಅಷ್ಟು ಹಿಂದೆ ಏನು ನಡೀತಿದೆ ಅನ್ನೋದನ್ನು ಅಂದಾಜಿನ ಮೇಲೇ ಓಡಿಸಬೇಕು. ಭಾವ ಹಾಗೆ ಅಂದಾಜಿನಲ್ಲೇ ಹತ್ತು ವರ್ಷ ಓಡಿಸಿದ್ದಾರೆ. ಅದು ಅವರ ಹೆಮ್ಮೆ.

ವೈರ್‌ಲೆಸ್ ಕ್ಯಾಮೆರಾ ತರಬಹುದಿತ್ತು, ಒಂದು ದಿನದ ಕೆಲಸ ಉಳಿಯುತ್ತಿತ್ತು. ತರಲಿಲ್ಲ. ಕ್ಯಾಮೆರಾಕ್ಕೂ ಸ್ಕ್ರೀನಿಗೂ ನಡುವೆ ತಗಡು ಹೊದಿಸಿದ ಒಂದು ಇಡೀ ಕೋಣೆ ಇರುತ್ತೆ, ಸಿಗ್ನಲ್ ಅದನ್ನು ದಾಟಿ ಬರಬೇಕು. ಅನಲಾಗ್ ಮಾದರಿಗಳು ಸಾಮಾನ್ಯವಾಗಿ ವೈಫೈ ಓಡಾಡುವ 2.4 ಗಿಗಾಹರ್ಟ್ಜ್‌ನಲ್ಲೇ ಕೆಲಸ ಮಾಡುತ್ತವೆ. ಜನ ಜಾಸ್ತಿ ಇರುವ ಕಡೆ ಚಿತ್ರಕ್ಕೆ ಇರುವೆ ಮುತ್ತುತ್ತೆ. ಡಿಜಿಟಲ್ ಆದರೆ ಚಿತ್ರ ಚೆನ್ನ, ಆದರೆ ಒಂಚೂರು ತಡವಾಗಿ ಬರಬಹುದು. ಒಂಚೂರು ತಾನೇ ಅನ್ನಬೇಡಿ. ಗಂಟೆಗೆ 5 ಕಿಲೋಮೀಟರ್ ಅಂದರೆ ನಡಿಗೆಯ ವೇಗ. ಆ ವೇಗದಲ್ಲಿ ರಿವರ್ಸ್ ಹೋಗುವಾಗ ಚಿತ್ರ ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಗಾಡಿ ಅಷ್ಟರಲ್ಲಿ ಸುಮಾರು 28 ಸೆಂಟಿಮೀಟರ್ ಹಿಂದೆ ಹೋಗಿರುತ್ತೆ. ಒಂದು ಗೇಣಿಗಿಂತ ಜಾಸ್ತಿ. ಅದಕ್ಕೇ ವೈರು. ಬಾಲದಿಂದ ಮಂಚದ ಕೆಳಗಿನ ಪೆಟ್ಟಿಗೆಗಳ ಒಳಗೆ ಹಾಯಿಸಿ ಮೂತಿಗೆ ತಂದು, ಅಲ್ಲಿಂದ ಕಾರಿಗೆ ಸುರುಳಿ ಕೇಬಲ್. ಹಳೇ ಲ್ಯಾಂಡ್‌ಲೈನ್ ಫೋನಿಗೆ ಇರುತ್ತಿತ್ತಲ್ಲ, ಅದೇ ತರಹದ್ದು. ತಿರುವಿನಲ್ಲಿ ಹಿಗ್ಗುತ್ತೆ, ನೇರವಾದಾಗ ಕುಗ್ಗುತ್ತೆ.

ಹಿಚ್, ಅಂದರೆ ಕಾರಿಗೂ ಕ್ಯಾರವಾನಿಗೂ ನಡುವಿನ ಕೊಂಡಿ, ಕೂಡಿಸಲು ಕಾರಿನ ಸ್ವಂತ ರಿವರ್ಸ್ ಕ್ಯಾಮೆರಾ ಸಾಕು. ಅದಕ್ಕೆ ಕಾರಿನ ಟೋ ಬಾಲ್ (ಕ್ಯಾರವಾನಿನ ಮೂತಿ ಬಂದು ಕೂರುವ ಗುಂಡು) ಕಾಣುತ್ತೆ, ಎದುರಿಗಿರುವ ಕ್ಯಾರವಾನಿನ ಮೂತಿಯೂ ಕಾಣುತ್ತೆ. ನಾನೇ ಕೂತೆ. ಮೊದಲ ಸಲವೇ ಎರಡೂ ಒಂದೇ ಗೆರೆಗೆ ಬಂದವು. ಕಾಲರ್ ಎಗರಿಸಬೇಕು ಅನ್ನುವಷ್ಟರಲ್ಲಿ 'ಠಕ್' ಅಂತು. ಮೂತಿಯನ್ನು ಬಾಲಿನ ತಲೆಗಿಂತ ಮೇಲಕ್ಕೆ ಎತ್ತಿಯೇ ಇರಲಿಲ್ಲ. ಚಪ್ಪಟೆ ಚಿತ್ರದಲ್ಲಿ ಎಡಬಲ ಗೊತ್ತಾಗುತ್ತೆ, ಎತ್ತರ ಗೊತ್ತಾಗಲ್ಲ. ಭಾವ ಏನೂ ಅನ್ನಲಿಲ್ಲ. ಸುಮ್ನೆ ಹೋಗಿ ಮುಂದಿನ ಪುಟ್ಟ ಗಾಲಿಯ ಹ್ಯಾಂಡಲ್ ತಿರುಗಿಸಿ ಮೂತಿ ಎತ್ತಿದರು.

ಹೊರಟ ಹತ್ತು ನಿಮಿಷಕ್ಕೆ ಎರಡನೇ ಅವಮಾನ. ಸ್ಕ್ರೀನು ಕಪ್ಪಗೆ ಕೂತಿದೆ. ಕ್ಯಾಮೆರಾಕ್ಕೆ ಕರೆಂಟನ್ನು ರಿವರ್ಸ್ ಲೈಟಿನ ವೈರಿನಿಂದ ಕೊಟ್ಟಿದ್ದೆ. ರಿವರ್ಸ್ ಗೇರು ಹಾಕಿದರೆ ಮಾತ್ರ ಅದಕ್ಕೆ ಜೀವ.

"ಹಿಂದಕ್ಕೆ ಹೋಗುವಾಗ ಮಾತ್ರ ಕಣ್ಣು ಬಿಡುತ್ತಾ ನಿನ್ನ ಡಬ್ಬಿ?" ಅಂದರು ಭಾವ.

ಕ್ಯಾಂಪ್‌ಸೈಟು ಮುಟ್ಟಿದಾಗ ಕತ್ತಲಾಗಿತ್ತು. ಸ್ಟೀರಿಂಗ್ ನನ್ನ ಕೈಯಲ್ಲಿ. ರಿವರ್ಸ್ ಹಾಕಿದ ಕೂಡಲೇ ಸ್ಕ್ರೀನು ಎದ್ದಿತು. ಕ್ಯಾಮೆರಾದ ಸುತ್ತ ಇರುವ ಇನ್ಫ್ರಾರೆಡ್ ದೀಪಗಳು ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತವೆ, ಚಿತ್ರ ಕಪ್ಪು ಬಿಳುಪಿನಲ್ಲಿ ಬರುತ್ತೆ. ಕಂಬವೊಂದು ಸ್ಕ್ರೀನಿನ ಎಡಕ್ಕೆ ನಿಚ್ಚಳವಾಗಿ ಕಾಣುತ್ತಿತ್ತು. ಬಾಲವನ್ನು ಬಲಕ್ಕೆ ತೆಗೆದುಕೊಂಡೆ. ಕಂಬ ದೂರ ಹೋಗೋದು ಬಿಟ್ಟು ಹತ್ತಿರ ಬಂತು. ಇನ್ನೂ ಬಲಕ್ಕೆ ತೆಗೆದುಕೊಂಡೆ.

"ಆ ಕಡೆ ಅಲ್ವೋ! ಕಂಬ ಬಲಗಡೆ ಇದೆ! ನಿಲ್ಲಿಸೋ!" ಹೊರಗಿಂದ ಅಕ್ಕ ಕಿರುಚಿದಳು.

ಬ್ರೇಕ್ ಒತ್ತಿದೆ. ಕಂಬಕ್ಕೂ ಕ್ಯಾರವಾನಿಗೂ ನಡುವೆ ಅಕ್ಕನ ಅಂಗೈ ತೂರುವಷ್ಟು ಜಾಗ ಇತ್ತು. ತೂರಿಸಿ ತೋರಿಸಿದಳು. ಉಳಿದದ್ದನ್ನು ಭಾವ ಕನ್ನಡಿ ನೋಡಿಕೊಂಡೇ ಎರಡು ನಿಮಿಷದಲ್ಲಿ ಮುಗಿಸಿದರು. ಸ್ಕ್ರೀನಿನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

ಎರಡನೇ ದಿನ

ಬೆಳಕು ಹರಿಯೋ ಮೊದಲೇ ಎದ್ದು ಟೂಲ್ ಬಾಕ್ಸ್ ತೆಗೆದೆ. ರಾತ್ರಿ ಆಗಿದ್ದೇನು ಅಂತ ಮಲಗಿದಲ್ಲೇ ಹೊಳೆದಿತ್ತು. ಹಿಂದಕ್ಕೆ ಮುಖ ಮಾಡಿದ ಕ್ಯಾಮೆರಾ ತಾನು ಕಂಡದ್ದನ್ನು ಹಾಗೇ ತೋರಿಸಿದರೆ ನಮ್ಮ ಬಲ ಅದಕ್ಕೆ ಎಡ. ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕೆ ಬರುತ್ತಲ್ಲ, ಹಾಗೆ. ಅದಕ್ಕೇ ರಿವರ್ಸ್ ಕ್ಯಾಮೆರಾದ ಚಿತ್ರವನ್ನು ಕನ್ನಡಿಯ ಹಾಗೆ ಮಗುಚಿ ತೋರಿಸುತ್ತಾರೆ. ನನ್ನ ಕ್ಯಾಮೆರಾದ ಬಾಲದಲ್ಲಿ ಅದಕ್ಕೆಂದೇ ಕುಣಿಕೆ ಹಾಕಿದ ಒಂದು ಸಣ್ಣ ವೈರಿತ್ತು. ಕತ್ತರಿಸಿದರೆ ಒಂದು ತರಹ, ಬಿಟ್ಟರೆ ಇನ್ನೊಂದು ತರಹ. ಅದನ್ನು ಹಾಕುವಾಗ, ಏನಕ್ಕೋ ಇರಬೇಕು ಅಂತ ಅಚ್ಚುಕಟ್ಟಾಗಿ ಟೇಪು ಸುತ್ತಿ ಬಚ್ಚಿಟ್ಟಿದ್ದೆ! ಕತ್ತರಿಸಿದೆ. ಎಡ ಎಡಕ್ಕೆ ಬಂತು.

ಆಮೇಲೆ ಕರೆಂಟಿನ ವೈರನ್ನು ರಿವರ್ಸ್ ಲೈಟಿನಿಂದ ಬಿಡಿಸಿ, ಕೀ ತಿರುಗಿಸಿದ ಕೂಡಲೇ ಕರೆಂಟು ಬರುವ ಲೈನಿಗೆ ಫ್ಯೂಸ್ ಸಮೇತ ಕೊಟ್ಟೆ. ಈಗ ಗಾಡಿ ಓಡುವಾಗಲೂ ಕಣ್ಣು ತೆರೆದೇ ಇರುತ್ತೆ.

ಕೊನೆಗೆ ಬಕೆಟ್ಟುಗಳು. ಸ್ಕ್ರೀನಿನಲ್ಲಿ ಹಸಿರು, ಹಳದಿ, ಕೆಂಪು ಗೆರೆ ಬರುತ್ತವಲ್ಲ, ಅವು ಕ್ಯಾಮೆರಾವನ್ನು ಎಷ್ಟು ಎತ್ತರಕ್ಕೆ, ಎಷ್ಟು ಓರೆಯಾಗಿ ಹಾಕಿದ್ದೀರಿ ಅಂತ ತಿಳಿದು ಬರುವುದಿಲ್ಲ. ನನ್ನದು ನೆಲದಿಂದ ಎರಡೂವರೆ ಮೀಟರ್ ಮೇಲಿದೆ. ಜೊತೆಗೆ ಅಗಲ ನೋಟದ ಲೆನ್ಸು, ಎಲ್ಲವನ್ನೂ ಇರೋದಕ್ಕಿಂತ ದೂರ ತೋರಿಸುತ್ತೆ. ಹಾಗಾಗಿ ಕ್ಯಾರವಾನಿನ ಹಿಂದೆ 1 ಮೀಟರ್, 2 ಮೀಟರ್, 4 ಮೀಟರ್ ಅಳೆದು ಮೂರು ಬಕೆಟ್ ಇಟ್ಟೆ. ಕಾರಿನಲ್ಲಿ ಕೂತು, ಸ್ಕ್ರೀನಿನ ಅಂಚಿನಲ್ಲಿ ಪ್ರತಿ ಬಕೆಟ್ಟಿನ ಬುಡಕ್ಕೆ ಸರಿಯಾಗಿ ಇನ್ಸುಲೇಷನ್ ಟೇಪಿನ ಚೂರು ಅಂಟಿಸಿದೆ. 1 ಮೀಟರಿನ ಬಕೆಟ್ಟು, ನೋಡಿದರೆ ಎರಡು ಮಾರು ಆಚೆ ಇರೋ ಹಾಗೆ ಕಾಣುತ್ತಿತ್ತು. ರಾತ್ರಿ ಈ ಲೆಕ್ಕದಲ್ಲಿ ರಿವರ್ಸ್ ತೆಗೆದಿದ್ದೆ ಅಂತ ನೆನೆದು ಬೆವೆತೆ.

ಇಷ್ಟಾಗಿ ಹೆದ್ದಾರಿಗೆ ಬಿದ್ದೆವು. ಭಾವ ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ. ಕ್ಯಾಮೆರಾದ ನಿಜವಾದ ಉಪಯೋಗ ರಿವರ್ಸಿನಲ್ಲಲ್ಲ, ಮುಂದಕ್ಕೆ ಹೋಗುವಾಗ ಅಂತ ನನಗೆ ಅರ್ಥವಾದದ್ದು ಇವತ್ತು. ದೊಡ್ಡ ಲಾರಿ ಹಿಂದಿನಿಂದ ಬಂದು ಓವರ್‌ಟೇಕ್ ಮಾಡುವಾಗ ಅದು ತಳ್ಳಿಕೊಂಡು ಬರುವ ಗಾಳಿ ಮೊದಲು ಕ್ಯಾರವಾನಿನ ಬಾಲವನ್ನು ಆಚೆ ನೂಕುತ್ತೆ, ಪಕ್ಕದಲ್ಲಿ ಹಾಯುವಾಗ ತನ್ನ ಕಡೆಗೆ ಎಳೆಯುತ್ತೆ. ತಿಳಿಯದೆ ಇದ್ದರೆ ಸ್ಟೀರಿಂಗ್ ಕೈಯಲ್ಲಿ ಜಗ್ಗಿದಾಗ ಎದೆ ಧಸಕ್ ಅನ್ನುತ್ತೆ. ಸ್ಕ್ರೀನಿನಲ್ಲಿ ಲಾರಿ ಮೊದಲೇ ಕಾಣುತ್ತೆ. ಹತ್ತಿರ ಬಂತು, ಈಗ ಪಕ್ಕಕ್ಕೆ ತೆಗೆದ, ಈಗ ಗಾಳಿ ಹೊಡೆಯುತ್ತೆ ಅಂತ ಕೈ ಬಿಗಿ ಮಾಡಿಕೊಳ್ಳಬಹುದು.

"ಹಿಂದೆ ಏನಿದೆ ಹೇಳ್ತಾ ಇರು" ಅಂದರು ಭಾವ. ಸ್ಕ್ರೀನು ಅವರ ಮುಂದೇ ಇತ್ತು. ನೋಡಿದರೆ ಸೋತಂಗಾಗುತ್ತೆ ಅಂತ ಹೀಗೆ ಅಂತಿದ್ದಾರೆ ಅಂದುಕೊಂಡೆ. ನಾನು ಕಂಡಕ್ಟರ್ ತರಹ ಒದರುತ್ತಾ ಕೂತೆ. "ಲಾರಿ, ಖಾಲಿ, ಕಾರು, ಇನ್ನೊಂದು ಲಾರಿ, ದೊಡ್ಡದು."

ಮಧ್ಯಾಹ್ನ ಒಂದು ಇಳಿಜಾರಿನಲ್ಲಿ ಸ್ಕ್ರೀನಿನಲ್ಲಿ ಏನೋ ವಿಚಿತ್ರ ಕಂಡಿತು. ರಸ್ತೆಯ ಬಿಳಿ ಗೆರೆ ಚಿತ್ರದ ಕೆಳಗೆ ಒಂದೇ ಜಾಗದಲ್ಲಿ ನಿಲ್ಲದೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೋಗುತ್ತಿದೆ. ಗಡಿಯಾರದ ಲೋಲಕದ ಹಾಗೆ. ಸೀಟಿನಲ್ಲಿ ಕೂತ ನಮಗೆ ಇನ್ನೂ ಏನೂ ತಿಳಿದಿಲ್ಲ. "ಭಾವ, ಬಾಲ ಆಡ್ತಿದೆ" ಅಂದೆ. ಅವರು ಸ್ಟೀರಿಂಗನ್ನು ನೇರ ಹಿಡಿದು ಆಕ್ಸಿಲರೇಟರ್ ಮೇಲಿನ ಕಾಲು ಮೆಲ್ಲಗೆ ಎತ್ತಿದರು. ಜೋರಾಗಿ ಬ್ರೇಕ್ ಒತ್ತಲಿಲ್ಲ, ಆ ಕಡೆ ಈ ಕಡೆ ತಿರುಗಿಸಲೂ ಇಲ್ಲ. ಒತ್ತಿದ್ದರೆ ಹಿಂದಿನದು ಮುಂದಿನದನ್ನು ತಳ್ಳಿ ಎರಡೂ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ವೇಗ ಇಳಿದಂತೆ ಗೆರೆಯೂ ತನ್ನ ಜಾಗಕ್ಕೆ ಬಂದು ನಿಂತಿತು.

ಅಗಲ ಜಾಗ ನೋಡಿ ನಿಲ್ಲಿಸಿದೆವು. ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಬೆಳಿಗ್ಗೆ ನೀರಿನ ಕ್ಯಾನುಗಳನ್ನೂ ನನ್ನ ಟೂಲ್ ಬಾಕ್ಸನ್ನೂ ಕ್ಯಾರವಾನಿನ ಹಿಂದಿನ ತುದಿಗೆ ತುಂಬಿದ್ದು ನಾನೇ. ಬಾಲದಲ್ಲಿ ಭಾರ ಬಿದ್ದರೆ ಹಿಚ್ ಮೇಲಿನ ಭಾರ ಕಡಿಮೆಯಾಗಿ ತೂಗಾಟ ಶುರುವಾಗುತ್ತೆ. ಎಲ್ಲವನ್ನೂ ಗಾಲಿಗಳ ಮೇಲಕ್ಕೆ ಸರಿಯಾಗಿ ಜೋಡಿಸಿದೆವು. ತೂಗಾಟ ತಂದವನೂ ನಾನೇ, ಕಂಡುಹಿಡಿದವನೂ ನಾನೇ. ಹಾಗಾಗಿ ಹೊಗಳಿಕೆ ಬೈಗಳು ಎರಡೂ ಬರಲಿಲ್ಲ.

ಮೂರನೇ ದಿನ

ಮಣ್ಣಿನ ರಸ್ತೆ. ಧೂಳು. ಹೇಳುವಂಥದ್ದು ಹೆಚ್ಚಿಲ್ಲ.

ಒಂದೇ ಗಂಟೆಗೆ ಸ್ಕ್ರೀನು ಹಾಲಿನಲ್ಲಿ ಅದ್ದಿದ ಹಾಗಾಯಿತು. ಕ್ಯಾರವಾನಿನ ಬೆನ್ನು ಚಪ್ಪಟೆ ಗೋಡೆ. ಅದು ಮುಂದೆ ಸಾಗುತ್ತಿದ್ದ ಹಾಗೆ ಹಿಂದೆ ಗಾಳಿ ಸುಳಿ ಸುತ್ತಿ, ಎದ್ದ ಧೂಳೆಲ್ಲ ಅದೇ ಗೋಡೆಗೆ ಬಂದು ಮೆತ್ತುತ್ತೆ. ಕ್ಯಾಮೆರಾ ಮೇಲೆ ಐಪಿ 69ಕೆ ಅಂತ ಬರೆದಿದ್ದನ್ನು ಭಾವನಿಗೆ ಹೆಮ್ಮೆಯಿಂದ ತೋರಿಸಿದ್ದೆ. ಮೊದಲ ಅಂಕಿ 6 ಅಂದರೆ ಒಳಗೆ ಧೂಳು ಹೋಗಲ್ಲ ಅಂತ, 9ಕೆ ಅಂದರೆ ಜೋರು ಒತ್ತಡದ ಬಿಸಿನೀರಿನ ಹೊಡೆತ ತಡೆಯುತ್ತೆ ಅಂತ. ಗಾಜಿನ ಮೇಲೆ ಕೂರುವ ಧೂಳಿನ ಬಗ್ಗೆ ಆ ಅಂಕಿಗಳು ಏನೂ ಹೇಳಲ್ಲ. ನಿಂತಲ್ಲೆಲ್ಲ ಮಡಚುವ ಸ್ಟೂಲು ಹಾಕಿ ಹತ್ತಿ ಒರೆಸಿದೆ. ಮೊದಲು ನೀರು ಹಾಕಿ ಆಮೇಲೆ ಮೆತ್ತನೆ ಬಟ್ಟೆ. ಒಣ ಧೂಳಿನ ಮೇಲೆ ಅಂಗಿ ತುದಿಯಿಂದ ತಿಕ್ಕಿದರೆ ಗೀರು ಬೀಳುತ್ತೆ. ಒಂದು ಸಲ ತಿಕ್ಕಿದೆ, ಬಿದ್ದಿದೆ.

ಸಂಜೆ ಮಾತ್ರ ಒಂದು ಸಂಗತಿ ನಡೆಯಿತು. ಭಾವ ತಮ್ಮ ಪದ್ಧತಿಯಂತೆ ಇಳಿದು ಹಿಂದೆ ಹೋಗಿ ಜಾಗ ನೋಡಿಕೊಂಡು ಬಂದರು. ಏನೂ ಇಲ್ಲ. ಹತ್ತಿ ಕೂತರು, ಬೆಲ್ಟ್ ಹಾಕಿದರು, ಗೇರು ಹಾಕಿದರು. ಅಷ್ಟರಲ್ಲಿ ಸ್ಕ್ರೀನಿನ ಮೂಲೆಯಿಂದ ಒಂದು ಪುಟ್ಟ ಸೈಕಲ್ ಬಂತು. ಮೇಲೆ ನಾಲ್ಕೈದು ವರ್ಷದ ಹುಡುಗ. ಕ್ಯಾರವಾನಿನ ಹಿಂದೆ ಸರಿಯಾಗಿ ಮಧ್ಯಕ್ಕೆ ಬಂದು ನಿಂತು ಚೈನು ನೋಡತೊಡಗಿದ. ಎರಡೂ ಕನ್ನಡಿಯಲ್ಲಿ ಅವನಿಲ್ಲ.

"ಭಾವ, ನಿಲ್ಲಿ, ಮಗು!"

ಗಾಡಿ ಇನ್ನೂ ಅಲುಗಿರಲಿಲ್ಲ. ಆದರೂ ಭಾವ ಸ್ವಲ್ಪ ಹೊತ್ತು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಇಳಿದು ನೋಡುವುದು ಒಳ್ಳೇದೇ. ಆದರೆ ಇಳಿದು ನೋಡಿದ್ದು ಹತ್ತಿ ಕೂರುವಷ್ಟರಲ್ಲಿ ಹಳೇ ಸುದ್ದಿ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಎಲ್ಲ ಹೊಸ ಕಾರುಗಳಿಗೂ ಹಿಂಬದಿಯ ಕ್ಯಾಮೆರಾ ಕಡ್ಡಾಯ. ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಬರಲೇಬೇಕು ಅಂತ ಅಲ್ಲಿನ ನಿಯಮ. ಆ ನಿಯಮ ಬಂದದ್ದೇ ಮನೆಯವರದ್ದೇ ಗಾಡಿಯ ಹಿಂದೆ ಸಿಕ್ಕ ಪುಟ್ಟ ಮಕ್ಕಳ ಕಾರಣದಿಂದ. ರಾತ್ರಿ ಇದನ್ನು ಹೇಳಿದೆ. ಅಕ್ಕ ಎದ್ದು ಒಳಗೆ ಹೋದಳು. ಭಾವ "ಹೂಂ" ಅಂದರು, ಅಷ್ಟೇ.

ನಾಲ್ಕನೇ ದಿನ

ಬೆಟ್ಟದ ದಾರಿ. ಇವತ್ತು ಭಾವನ ದಿನ.

ರಿವರ್ಸ್ ನನಗೆ ಕಲಿಸಿಯೇ ತೀರುತ್ತೇನೆ ಅಂತ ಖಾಲಿ ಬಯಲೊಂದರಲ್ಲಿ ನಿಲ್ಲಿಸಿದರು. ಸ್ಕ್ರೀನಿನ ಮೇಲೆ ತಮ್ಮ ಟವೆಲ್ ಹೊದಿಸಿದರು. "ಕೈಯನ್ನು ಸ್ಟೀರಿಂಗಿನ ಕೆಳಗೆ ಇಟ್ಕೋ. ಆರು ಗಂಟೆ ಮುಳ್ಳಿನ ಹತ್ತಿರ. ಬಾಲ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ ತಗೊಂಡು ಹೋಗು. ಎಡ ಬಲ ಅಂತ ಯೋಚನೆನೇ ಮಾಡ್ಬೇಡ."

ಮಾಡಿದೆ. ಬಾಲ ಹೇಳಿದ ಹಾಗೆ ಕೇಳಿತು. ಕೇಳಿತು ಅಂತ ಖುಷಿಯಲ್ಲಿ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿದೆ, ಅದು ಮಡಚಿಕೊಂಡಿತು. "ಜಾಸ್ತಿ ತಿರುಗಿಸ್ಬೇಡ, ಜಾಸ್ತಿ ತಿರುಗಿಸ್ಬೇಡ! ಬಾಲ ತಿರುಗೋಕೆ ಶುರುವಾದ ಕೂಡ್ಲೇ ನೀನು ವಾಪಸ್ ತಿರುಗಿಸಿ ಅದರ ಹಿಂದೆ ಹೋಗು. ಮುಂದಕ್ಕೆ ತಗೊ. ಇನ್ನೊಂದ್ಸಲ." ಮಡಚಿಕೊಳ್ಳುವುದು ಪಕ್ಕದ ಕನ್ನಡಿಯಲ್ಲಿ ಎಷ್ಟು ಬೇಗ ತಿಳಿಯುತ್ತೆ ಅಂತ ಆಗ ಕಂಡೆ. ಒಂದು ಕನ್ನಡಿಯಲ್ಲಿ ಕ್ಯಾರವಾನಿನ ಮೈ ಅಗಲವಾಗುತ್ತಾ ಬಂತು, ಇನ್ನೊಂದರಲ್ಲಿ ಮಾಯವಾಯಿತು. ಇದು ಹಿಂದಿನ ಕ್ಯಾಮೆರಾದಲ್ಲಿ ಕಾಣೋದೇ ಇಲ್ಲ. ಅದು ಕ್ಯಾರವಾನಿನ ಜೊತೆಗೇ ತಿರುಗುತ್ತಲ್ಲ, ಅದರ ಪ್ರಕಾರ ಎಲ್ಲವೂ ಸದಾ ನೆಟ್ಟಗೇ ಇರುತ್ತೆ. ಹಿಂದೆ ಏನಿದೆ ಅಂತ ಸ್ಕ್ರೀನು ಹೇಳುತ್ತೆ, ಎತ್ತ ಹೋಗುತ್ತಿದ್ದೇವೆ ಅಂತ ಕನ್ನಡಿ. ಇಷ್ಟು ಗೊತ್ತಿಲ್ಲದೆ ಮೊದಲ ರಾತ್ರಿ ಬರೀ ಸ್ಕ್ರೀನು ನಂಬಿದ್ದೆ.

ಸಂಜೆ ಮರಗಳ ನಡುವೆ ಜಾಗ ಸಿಕ್ಕಿತು. ಟವೆಲ್ ತೆಗೆದು ಎರಡನ್ನೂ ಬಳಸಿ ಒಳಗೆ ತಂದೆ. ಟೇಪಿನ ಗುರುತಿಗೆ ಬರುವವರೆಗೆ ಇನ್ನೂ ಎರಡು ಮೀಟರಿತ್ತು, ಹಿಂದೆ ನೆಲ ಖಾಲಿ. ಅಕ್ಕ ನನ್ನ ಕಡೆಯ ಕನ್ನಡಿಯಲ್ಲಿ ಕೈ ಬೀಸುತ್ತಿದ್ದಳು, "ಬರ್ಲಿ, ಬರ್ಲಿ." ಅವಳೂ ನೆಲವನ್ನೇ ನೋಡುತ್ತಿದ್ದಳು. ಮೇಲಿಂದ 'ಕರ್‌ರ್' ಅನ್ನುವ ಸದ್ದು ಬಂತು. ಕೊಂಬೆ. ಚಾವಣಿಯ ಗಾಳಿಕಿಂಡಿಯ ಮುಚ್ಚಳ ಸೀಳಿತ್ತು. ಕ್ಯಾಮೆರಾ ಕೆಳಕ್ಕೆ ಮುಖ ಮಾಡಿ ಕೂತಿದೆ, ತಲೆಯ ಮೇಲಿನದು ಅದಕ್ಕೆ ಹೇಗೆ ಕಾಣಬೇಕು? ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾವ ಟೇಪು ತರಲು ಹೋದರು.

ಐದನೇ ದಿನ

ಮಳೆ. ಇಂಡಿಕೇಟರ್ ಹಾಕಿದಾಗಲೆಲ್ಲ ಸ್ಕ್ರೀನಿನ ಚಿತ್ರವೂ ಅದೇ ತಾಳಕ್ಕೆ ಮಿಟುಕತೊಡಗಿತು. ಟಿಕ್ ಅಂದರೆ ಮಂಕು, ಟಕ್ ಅಂದರೆ ಬೆಳಕು. ಆಮೇಲೆ ಅಡ್ಡ ಪಟ್ಟೆಗಳೂ ಬಂದವು. ಅರ್ಥ್ ವೈರು ಸಡಿಲವಾದಾಗ ಹೀಗಾಗುತ್ತೆ. ದೀಪಗಳ ಕರೆಂಟು ವಾಪಸ್ ಹೋಗಲು ಸರಿಯಾದ ದಾರಿ ಸಿಗದೆ ಕ್ಯಾಮೆರಾದ ದಾರಿಗೂ ನುಗ್ಗುತ್ತೆ.

ಭಾವ ಓಡಿಸುತ್ತಿದ್ದರು. "ಚಿತ್ರ ಹೀಗಾದದ್ದು ಯಾವಾಗಿಂದ ಭಾವ?" ಅಂತ ಕೇಳಿದೆ.

"ಹೇಗಾದದ್ದು? ಚೆನ್ನಾಗೇ ಇದೆಯಲ್ಲ."

ಸ್ಕ್ರೀನಿನಲ್ಲಿ ಬೆರಳು ದಪ್ಪದ ಪಟ್ಟೆಗಳು ಓಡುತ್ತಿದ್ದವು. ನಾನು ಹಿಂದೆ ತಿರುಗಿ ಅಕ್ಕನ ಮುಖ ನೋಡಿದೆ. ಅವಳು ನನಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದಳು.

"ರೀ, ನಿಮ್ಗೆ ಅದು ಕಾಣ್ತಾನೇ ಇಲ್ಲ ಅಲ್ವಾ?"

ಭಾವ ಉತ್ತರ ಕೊಡಲಿಲ್ಲ. ವೈಪರ್ ನಾಲ್ಕು ಸಲ ಆಡಿತು. "ಬೆಳಕು ಕಾಣುತ್ತೆ. ಏನೋ ಓಡಾಡೋದು ಕಾಣುತ್ತೆ" ಅಂದರು.

ಅವರಿಗೆ 58. ಓದುವ ಕನ್ನಡಕ ಜೇಬಿನಲ್ಲಿರುತ್ತೆ, ದೂರದ್ದು ಹದ್ದಿನ ಹಾಗೆ ಕಾಣುತ್ತೆ. ಕನ್ನಡಿ ಕಾರಿನಲ್ಲೇ ಇದ್ದರೂ ಅದರೊಳಗಿನ ಲಾರಿ ದೂರದ್ದೇ. ಕಣ್ಣು ಅದನ್ನು ದೂರದ ವಸ್ತುವಿನ ಹಾಗೇ ನೋಡುತ್ತೆ. ಸ್ಕ್ರೀನಿನಲ್ಲಿರೋ ಲಾರಿ ಹಾಗಲ್ಲ. ಅದು ಇರೋದು ಗಾಜಿನ ಮೇಲೆ, ಒಂದು ಮೊಳ ದೂರದಲ್ಲಿ. ಈ ವಯಸ್ಸಿನ ಕಣ್ಣಿಗೆ ಅದು ಮಸುಕು. ರಸ್ತೆಯಿಂದ ಸ್ಕ್ರೀನಿಗೆ, ಸ್ಕ್ರೀನಿನಿಂದ ರಸ್ತೆಗೆ ಕಣ್ಣು ಹೊಂದಿಸಿಕೊಳ್ಳಲೂ ಹೊತ್ತು ಹಿಡಿಯುತ್ತೆ. ನಾಲ್ಕು ದಿನದಿಂದ ನಾನು ಜಂಬ ಅಂದುಕೊಂಡಿದ್ದು ಇದು. "ಹಿಂದೆ ಏನಿದೆ ಹೇಳ್ತಾ ಇರು" ಅಂದದ್ದೂ ಇದಕ್ಕೇ.

ಮಳೆ ನಿಂತ ಮೇಲೆ ನಿಲ್ಲಿಸಿದೆವು. ಸುರುಳಿ ಕೇಬಲ್ಲಿನ ಪ್ಲಗ್ ಬಿಚ್ಚಿದರೆ ಒಳಗೆ ನೀರು, ಒಂದು ಪಿನ್ನು ಹಸಿರುಗಟ್ಟಿತ್ತು. ಅರ್ಥ್ ಸ್ಕ್ರೂ ಕೂಡ ಸಡಿಲ. ಒಣಗಿಸಿ, ಉಜ್ಜಿ, ಬಿಗಿ ಮಾಡಿದೆ. ಪ್ಲಗ್ಗಿನ ಬಾಯಿ ಕೆಳಮುಖವಾಗುವಂತೆ ಕಟ್ಟಿದೆ. ಆಮೇಲೆ ಸ್ಕ್ರೀನನ್ನು ಕಿತ್ತು, ಕೈಗೆ ಎಟುಕದಷ್ಟು ದೂರ, ಮುಂದಿನ ಗಾಜಿನ ಬುಡಕ್ಕೆ ಅಂಟಿಸಿದೆ. ರಸ್ತೆಗೆ ಅಡ್ಡ ಬಾರದ ಮೂಲೆ ನೋಡಿ.

"ಈಗ ಭಾವ?"

ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ನೋಡಿದರು. "ಅದ್ಯಾರೋ ಹಿಂದೆ ನಿಂತಿದ್ದಾರೆ."

"ಅಕ್ಕ."

"ಪರವಾಗಿಲ್ಲ, ಗುರುತು ಸಿಗೋವಷ್ಟು ಬಂತು."

ಊರು ಸೇರಿದ ಕೂಡಲೇ ದೂರಕ್ಕೂ ಹತ್ತಿರಕ್ಕೂ ಆಗುವ ಕನ್ನಡಕ ಮಾಡಿಸಬೇಕು ಅಂತ ಅಕ್ಕ ಆಣೆ ಹಾಕಿಸಿದಳು. ನಾನು ಮಾತು ಬದಲಿಸಲು, 1956ರಲ್ಲೇ ಬ್ಯುಯಿಕ್ ಕಂಪನಿ ಸೆಂಚುರಿಯನ್ ಅಂತ ಒಂದು ಪ್ರದರ್ಶನದ ಕಾರು ಮಾಡಿ ಕನ್ನಡಿಯ ಬದಲು ಹಿಂದೆ ಟಿವಿ ಕ್ಯಾಮೆರಾ, ಮುಂದೆ ಪುಟ್ಟ ಟಿವಿ ಇಟ್ಟಿತ್ತು ಅಂತ ಹೇಳಿದೆ. "ಕನ್ನಡಿನೇ ತೆಗೆದುಬಿಟ್ರಾ? ಹುಚ್ರು" ಅಂದರು ಭಾವ.

ಆರನೇ ದಿನ

ವಾಪಸ್. ದಾರಿಯುದ್ದಕ್ಕೂ ಭಾವನೇ ಓಡಿಸಿದರು. ನಾನು ಒದರಲಿಲ್ಲ, ಅವರು ಕೇಳಲೂ ಇಲ್ಲ. ಎರಡು ಸಲ, ಲಾರಿ ಪಕ್ಕಕ್ಕೆ ಬರೋ ಮೊದಲೇ ಅವರ ಕೈ ಸ್ಟೀರಿಂಗಿನ ಮೇಲೆ ಬಿಗಿಯಾದದ್ದು ನೋಡಿದೆ.

ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ ಇಳಿದು ಹಿಂದೆ ಹೋದರು. ಎಂದಿನಂತೆ ಜಾಗ ನೋಡಲು ಅಂದುಕೊಂಡೆ. ಸ್ಕ್ರೀನಿನಲ್ಲಿ ಅವರು ನೆಲ ನೋಡಿದರು, ಕತ್ತೆತ್ತಿ ಮೇಲಿನ ಕೊಂಬೆಗಳನ್ನು ನೋಡಿದರು. ಆಮೇಲೆ ಚಿತ್ರದಿಂದ ಆಚೆ ಹೋಗಿ ಮಡಚುವ ಸ್ಟೂಲು ತಂದು ಹಾಕಿ ಹತ್ತಿದರು. ಏಳು ಇಂಚಿನ ತುಂಬಾ ಅವರ ಮೂಗು, ಜೇಬಿನಿಂದ ತೆಗೆದು ಹಾಕಿಕೊಂಡ ಓದುವ ಕನ್ನಡಕ, ಅದರ ಹಿಂದೆ ದಪ್ಪ ಕಣ್ಣುಗಳು. ಬಾಟಲಿಯಿಂದ ನೀರು ಸುರಿಯಿತು, ಎಲ್ಲ ಕಲಸಿಹೋಯಿತು. ಮೆತ್ತನೆ ಬಟ್ಟೆ ಎರಡು ಸುತ್ತು ಸುತ್ತಿತು.

"ಈಗ ಹೇಗಿದೆ?" ಹೊರಗಿಂದ ಕೂಗಿದರು.

"ಚೆನ್ನಾಗೇ ಇದೆ ಭಾವ" ಅಂದೆ.